ಮಂಡಿ ಬದಲಾವಣೆಯಲ್ಲಿ ರಕ್ತ ಕೊಡುವುದು ಕಡಿಮೆಯಾದದ್ದು ಹೇಗೆ: ನನ್ನ ಅನುಭವ

ನಾನು ಮೂಳೆ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ ಕಾಲದಲ್ಲಿ ಮಂಡಿ ಬದಲಾವಣೆ ಅಂದರೆ ಜೊತೆಗೆ ರಕ್ತದ ಬಾಟಲ್ ಇದ್ದೇ ಇರುತ್ತಿತ್ತು. ಆಪರೇಷನ್‌ಗೆ ಮೊದಲೇ ಎರಡು ಯೂನಿಟ್ ಹೊಂದಿಸಿಡುವುದು, ಮರುದಿನ ಬೆಳಿಗ್ಗೆ ಎಚ್‌ಬಿ (ರಕ್ತದಲ್ಲಿನ ಹಿಮೋಗ್ಲೋಬಿನ್ ಪ್ರಮಾಣ) ನೋಡುವುದು, 10ಕ್ಕಿಂತ ಕೆಳಗಿದ್ದರೆ ಏರಿಸುವುದು. ತರಿಸಿಟ್ಟದ್ದು ಎರಡು ಅಂತ ಎರಡನ್ನೂ ಕೊಟ್ಟು ಮುಗಿಸುತ್ತಿದ್ದರು. 10 ಯಾಕೆ ಅಂತ ಕೇಳಿದವರು ಕಡಿಮೆ. ಆ ಲೆಕ್ಕದ ಬೇರು 1942ರಲ್ಲಿ ಆಡಮ್ಸ್ ಮತ್ತು ಲಂಡಿ ಅನ್ನುವ ವೈದ್ಯರು ಬರೆದ ಲೇಖನದಲ್ಲಿದೆ. ತಮ್ಮ ಅನುಭವದಿಂದ ಅವರು ಕೊಟ್ಟ ಸಲಹೆ ಅದು. ಆಮೇಲೆ ದಶಕಗಟ್ಟಲೆ ಅದೇ ಕಾನೂನಾಯಿತು.

ಈಗ ನಮ್ಮ ವಾರ್ಡಿನಲ್ಲಿ ಒಂದು ಮಂಡಿ ಬದಲಾಯಿಸಿಕೊಂಡವರಿಗೆ ರಕ್ತ ಕೊಡುವುದು ಅಪರೂಪ. ಇದಕ್ಕೆಲ್ಲ ರಕ್ತಸ್ರಾವ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ ಅನ್ನುವ ಔಷಧಿ ಒಂದೇ ಕಾರಣ ಅಂತ ಕಿರಿಯ ವೈದ್ಯರು ಅಂದುಕೊಂಡಿದ್ದಾರೆ. ಅದು ದೊಡ್ಡ ಕಾರಣವೇ, ಇಲ್ಲ ಅನ್ನುವುದಿಲ್ಲ. ಆದರೆ ನಾನು ಕಂಡ ಹಾಗೆ, ರಕ್ತ ಬೇಕಾಗುತ್ತದೋ ಇಲ್ಲವೋ ಅನ್ನುವುದು ಬಹಳಷ್ಟು ಸಲ ಥಿಯೇಟರಿನ ಹೊರಗೇ ತೀರ್ಮಾನವಾಗಿರುತ್ತದೆ. ಕೆಲವು ವಾರ ಮುಂಚೆ ಓಪಿಡಿಯಲ್ಲಿ ಒಂದಷ್ಟು, ಆಮೇಲೆ ವಾರ್ಡಿನಲ್ಲಿ ರಕ್ತದ ಚೀಟಿ ಬರೆಯುವವರ ಕೈಯಲ್ಲಿ ಒಂದಷ್ಟು.

ಮೊದಲು ರಕ್ತ ಎಲ್ಲಿ ಹೋಗುತ್ತದೆ ಅಂತ ನೋಡೋಣ. ಆಪರೇಷನ್ ನಡೆಯುವಾಗ ಸಕ್ಷನ್ ಬಾಟಲಿಯಲ್ಲಿ, ಒರೆಸುವ ಬಟ್ಟೆಯಲ್ಲಿ ಕಾಣುವುದು ಸ್ವಲ್ಪವೇ. ತೊಡೆಗೆ ಟೂರ್ನಿಕೆಟ್ (ರಕ್ತ ಹರಿಯದ ಹಾಗೆ ಒತ್ತಿ ಹಿಡಿಯುವ ಪಟ್ಟಿ) ಬಿಗಿದಿದ್ದರೆ ಇನ್ನೂ ಕಡಿಮೆ. ಆದರೆ ಮೂಳೆಯನ್ನು ಕತ್ತರಿಸಿದ ಜಾಗದಿಂದ ರಕ್ತ ಒಸರುತ್ತಲೇ ಇರುತ್ತದೆ. ರಕ್ತನಾಳಕ್ಕೆ ಗಂಟು ಹಾಕಬಹುದು, ಮೂಳೆಗೆ ಹಾಕಲು ಆಗುವುದಿಲ್ಲ ಅಲ್ವಾ. ಹೊಲಿಗೆ ಮುಗಿದ ಮೇಲೂ ಅದು ಕೀಲಿನೊಳಗೆ, ತೊಡೆಯ ಸ್ನಾಯುಗಳ ನಡುವೆ ಸೇರುತ್ತಾ ಹೋಗುತ್ತದೆ. ರೋಗಿಯ ಎತ್ತರ, ತೂಕದಿಂದ ಮೈಯಲ್ಲಿರುವ ಒಟ್ಟು ರಕ್ತವನ್ನು ಅಂದಾಜು ಮಾಡಿ, ಆಪರೇಷನ್ ಆದ ಮೇಲೆ ಕೆಂಪು ಕಣಗಳು ಎಷ್ಟು ಇಳಿದವು ಅಂತ ನೋಡಿದರೆ ನಿಜವಾದ ನಷ್ಟ ಗೊತ್ತಾಗುತ್ತದೆ. ಟ್ರಾನೆಕ್ಸಾಮಿಕ್ ಬಳಕೆಗೆ ಬರುವ ಮೊದಲು ಹೀಗೆ ಲೆಕ್ಕ ಹಾಕಿದಾಗ ಒಂದೂವರೆ ಲೀಟರಿನ ಆಸುಪಾಸು ಬಂದಿತ್ತು. ಅದರಲ್ಲಿ ಸುಮಾರು ಅರ್ಧ ಕಣ್ಣಿಗೆ ಕಾಣದ್ದು. 'ರಕ್ತ ಜಾಸ್ತಿ ಹೋಗಲಿಲ್ಲ' ಅಂತ ಆಪರೇಷನ್ ನೋಟಿನಲ್ಲಿ ಬರೆದಿದ್ದರೂ ಮೂರನೇ ದಿನ ಎಚ್‌ಬಿ 3 ಗ್ರಾಂ ಇಳಿದಿರುತ್ತಿದ್ದದ್ದು ಇದಕ್ಕೇ.

ಈಗ ಸುಮ್ನೆ ಕಳೆಯುವ ಲೆಕ್ಕ ಮಾಡಿ. 14ರಿಂದ ಶುರು ಮಾಡಿದವರು 3 ಕಳೆದುಕೊಂಡರೆ 11. ಅವರಿಗೆ ಏನೂ ಆಗುವುದಿಲ್ಲ. 10.5ರಿಂದ ಶುರು ಮಾಡಿದವರು 7.5ಕ್ಕೆ ಬರುತ್ತಾರೆ, ರಕ್ತದ ಚೀಟಿ ಸಿದ್ಧವಾಗುತ್ತದೆ. ಆಪರೇಷನ್ ಅದೇ, ಮಾಡಿದ ಕೈಯೂ ಅದೇ. ಇದು ತಲೆಗೆ ಹೋದ ಮೇಲೆ ನಾನು ಮಾಡಿದ ಮೊದಲ ಬದಲಾವಣೆ ತುಂಬಾ ಸಪ್ಪೆಯದು. ಎಚ್‌ಬಿ ಪರೀಕ್ಷೆಯನ್ನು ಆಪರೇಷನ್ನಿನ ಹಿಂದಿನ ದಿನದಿಂದ ಕಿತ್ತು, ಆಪರೇಷನ್ ಮಾಡೋಣ ಅಂತ ಮಾತಾಗುವ ದಿನಕ್ಕೆ ತಂದೆ. ಹಿಂದಿನ ದಿನ 10 ಅಂತ ಗೊತ್ತಾದರೆ ಮಾಡುವುದಕ್ಕೆ ಏನೂ ಇರುವುದಿಲ್ಲ. ಆರು ವಾರ ಮುಂಚೆ ಗೊತ್ತಾದರೆ ಬೇಕಾದಷ್ಟು ಇದೆ.

ಎಷ್ಟಿದ್ದರೆ ಸಾಕು? ವಿಶ್ವ ಆರೋಗ್ಯ ಸಂಸ್ಥೆ ಗಂಡಸರಿಗೆ 13, ಹೆಂಗಸರಿಗೆ 12 ಅನ್ನುತ್ತದೆ. ಆದರೆ ಶಸ್ತ್ರಚಿಕಿತ್ಸೆಗೆ ಬರುವವರ ಮಟ್ಟಿಗೆ ಇಬ್ಬರಿಗೂ 13 ಇರಲಿ ಅಂತ 2017ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಸಲಹೆ ಕೊಟ್ಟರು. ನನಗೆ ಇದು ಸರಿ ಅನ್ನಿಸುತ್ತದೆ. ಹೆಂಗಸರ ಮೈಯಲ್ಲಿ ಒಟ್ಟು ರಕ್ತವೇ ಕಡಿಮೆ. ಮಂಡಿ ಆಪರೇಷನ್ನಿನಲ್ಲಿ ಹೋಗುವುದು ಮಾತ್ರ ಹೆಚ್ಚುಕಮ್ಮಿ ಗಂಡಸರಷ್ಟೇ.

ಎಚ್‌ಬಿ ಕಡಿಮೆ ಬಂತು ಅಂದ ಕೂಡಲೇ ಕಬ್ಬಿಣದ ಮಾತ್ರೆ ಬರೆಯುವುದು ಸುಲಭ. ಕಾರಣ ಹುಡುಕುವುದು ಸ್ವಲ್ಪ ತಡವಾಗುವ ಕೆಲಸ, ಆದರೆ ಅಲ್ಲೇ ಇರುವುದು ಮುಖ್ಯ ವಿಷಯ. ಮಂಡಿ ಸವೆದವರು ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿರುತ್ತಾರೆ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಇನ್ನೂ ಏನೇನೋ. ಹೊಟ್ಟೆಯ ಒಳಪದರ ಹುಣ್ಣಾಗಿ ಹನಿ ಹನಿ ರಕ್ತ ಹೋಗುತ್ತಿರುತ್ತದೆ, ಅವರಿಗೆ ಗೊತ್ತೂ ಇರುವುದಿಲ್ಲ. ಮಲ ಕಪ್ಪಗೆ ಬರುತ್ತದಾ ಅಂತ ಕೇಳಿದರೆ, 'ಹೌದಲ್ಲ ಡಾಕ್ಟ್ರೇ, ನೀವು ಕೇಳಿದ ಮೇಲೆ ನೆನಪಾಯ್ತು' ಅಂದವರಿದ್ದಾರೆ. ಅದೇ ಮಾತ್ರೆಗಳು ಕಿಡ್ನಿಯನ್ನೂ ಕೆಡಿಸುತ್ತವೆ, ಕಿಡ್ನಿ ಸೋತರೆ ರಕ್ತ ಕಡಿಮೆಯಾಗುವುದೂ ಉಂಟು. ಹಾಗಾಗಿ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಪರೀಕ್ಷೆ ನೋಡದೆ ಮುಂದೆ ಹೋಗುವುದಿಲ್ಲ. ವಯಸ್ಸಾದವರಲ್ಲಿ ಕಾರಣ ಗೊತ್ತಿಲ್ಲದ ಕಬ್ಬಿಣದ ಕೊರತೆ ಕಂಡರೆ ಹೊಟ್ಟೆ, ಕರುಳು ನೋಡುವ ವೈದ್ಯರ ಹತ್ತಿರ ಕಳಿಸುತ್ತೇನೆ. ಮಂಡಿಯನ್ನು ಎರಡು ತಿಂಗಳು ಮುಂದೂಡಬಹುದು. ದೊಡ್ಡ ಕರುಳಿನಲ್ಲಿ ಗಡ್ಡೆ ಇದ್ದರೆ ಅದನ್ನು ಮುಂದೂಡಲು ಆಗುವುದಿಲ್ಲ.

ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ಹೇಳುವುದು ಫೆರಿಟಿನ್ ಅನ್ನುವ ರಕ್ತಪರೀಕ್ಷೆ. 30ಕ್ಕಿಂತ ಕೆಳಗಿದ್ದರೆ ಕೊರತೆ ಖಚಿತ. ಆದರೆ ಮೈಯಲ್ಲಿ ಉರಿಯೂತ ಇದ್ದರೆ ಫೆರಿಟಿನ್ ಸುಳ್ಳೇ ಮೇಲಿರುತ್ತದೆ. ರುಮಟಾಯ್ಡ್ ಸಂಧಿವಾತದವರಲ್ಲಿ 80 ಬಂದರೂ ನಾನು ನಂಬುವುದಿಲ್ಲ. ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನು ಎಷ್ಟು ತುಂಬಿದೆ ಅಂತ ಹೇಳುವ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಮಾಡಿಸುತ್ತೇನೆ. ಅದು ಶೇಕಡಾ 20ಕ್ಕಿಂತ ಕಡಿಮೆ ಇದ್ದರೆ ಕೊರತೆ ಅಂತಲೇ ಹಿಡಿಯುವುದು. ಬಿ12 ಕೂಡ ನೋಡುತ್ತೇವೆ, ಮುಖ್ಯವಾಗಿ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಅನ್ನು ಬಹಳ ವರ್ಷ ತೆಗೆದುಕೊಂಡವರಲ್ಲಿ.

ಸಮಯ ಇದ್ದರೆ ಮಾತ್ರೆಯೇ ಸಾಕು. ದಿನಕ್ಕೆ ಮೂರು ಕೊಡುವ ಹಳೇ ಪದ್ಧತಿ ಬಿಟ್ಟಿದ್ದೇನೆ. ಒಂದು ಮಾತ್ರೆ ತೆಗೆದುಕೊಂಡ ಕೂಡಲೇ ಲಿವರ್ ಹೆಪ್ಸಿಡಿನ್ ಅನ್ನುವ ಹಾರ್ಮೋನು ಬಿಡುತ್ತದೆ, ಅದು ಮುಂದಿನ ಮಾತ್ರೆಯ ಕಬ್ಬಿಣವನ್ನು ಕರುಳಿನಲ್ಲೇ ತಡೆಯುತ್ತದೆ. ದಿನಕ್ಕೊಂದು ಅಥವಾ ದಿನ ಬಿಟ್ಟು ದಿನ ಕೊಟ್ಟರೆ ಮೈಗೆ ಹತ್ತುವುದೂ ಚೆನ್ನ, ಹೊಟ್ಟೆ ತೊಳಸುವುದೂ ಕಡಿಮೆ. ಟೀ, ಕಾಫಿ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆಯ ಜೊತೆಗಂತೂ ಬೇಡವೇ ಬೇಡ. ಮಂಡಿ ನೋವಿನವರಲ್ಲಿ ಕ್ಯಾಲ್ಸಿಯಂ ನುಂಗದವರು ಯಾರಿದ್ದಾರೆ ಹೇಳಿ! ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಳ್ಳುತ್ತಾರೆ, ಕಬ್ಬಿಣ ಹಾಗೇ ಹೊರಗೆ ಹೋಗುತ್ತದೆ.

ಸಮಯ ಕಡಿಮೆ ಇದ್ದರೆ, ಅಥವಾ ಮಾತ್ರೆ ಒಗ್ಗದಿದ್ದರೆ, ಕಬ್ಬಿಣವನ್ನು ಡ್ರಿಪ್ಪಿನಲ್ಲಿ ಕೊಡುತ್ತೇವೆ. ಐರನ್ ಸುಕ್ರೋಸ್ ಆದರೆ ಹಲವು ಸಲ ಬರಬೇಕು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಆದರೆ ಒಂದೇ ಕೂತಲ್ಲಿ 1000 ಮಿಲಿಗ್ರಾಂ ತನಕ ಕೊಡಬಹುದು. ಕೊಟ್ಟ ಮರುದಿನ ಎಚ್‌ಬಿ ಏರುವುದಿಲ್ಲ. ಮೂರು ನಾಲ್ಕು ವಾರ ಬೇಕು. ಇದರ ಬಗ್ಗೆ ಒಂದು ಮಾತು ನೇರವಾಗಿ ಹೇಳಬೇಕು. 2020ರಲ್ಲಿ ಬಂದ ಪ್ರಿವೆಂಟ್ ಅಧ್ಯಯನದಲ್ಲಿ ಹೊಟ್ಟೆಯ ದೊಡ್ಡ ಆಪರೇಷನ್‌ಗೆ ಮುಂಚೆ ಡ್ರಿಪ್ಪಿನಲ್ಲಿ ಕಬ್ಬಿಣ ಕೊಟ್ಟರೂ ರಕ್ತ ಕೊಡುವುದು ಕಡಿಮೆಯಾಗಲಿಲ್ಲ. ಅಲ್ಲಿ ಕಬ್ಬಿಣದ ಕೊರತೆ ಇರಲಿ ಬಿಡಲಿ, ಎಚ್‌ಬಿ ಕಡಿಮೆ ಇದ್ದವರನ್ನೆಲ್ಲ ಸೇರಿಸಿದ್ದರು. ಹಾಗಾಗಿ ನಾನು ಕೊರತೆ ಖಚಿತವಾದವರಿಗೆ ಮಾತ್ರ ಕೊಡುತ್ತೇನೆ. ಎಚ್‌ಬಿ ಕಡಿಮೆ ಅಂದ ತಕ್ಷಣ ಎಲ್ಲರಿಗೂ ಡ್ರಿಪ್ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ. ಮೈಯಲ್ಲಿ ಕೆಂಪು ಕಣ ಹೆಚ್ಚು ಹುಟ್ಟಿಸುವ ಎರಿತ್ರೊಪೊಯಿಟಿನ್ ಇಂಜೆಕ್ಷನ್ ಕೂಡ ಇದೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇರುವುದರಿಂದ ಕಿಡ್ನಿ ತೊಂದರೆಯಂಥ ಕೆಲವರಿಗಷ್ಟೇ, ಅದೂ ಆ ವಿಭಾಗದವರನ್ನು ಕೇಳಿಯೇ.

ರಕ್ತ ತೆಳು ಮಾಡುವ ಮಾತ್ರೆಗಳ ಪಟ್ಟಿಯನ್ನೂ ಅದೇ ದಿನ ಮಾಡಿಬಿಡುತ್ತೇವೆ. ವಾರ್ಫರಿನ್ ಐದು ದಿನ ಮುಂಚೆ ನಿಲ್ಲಬೇಕು. ಕ್ಲೊಪಿಡೊಗ್ರೆಲ್ ಐದರಿಂದ ಏಳು ದಿನ. ಅಪಿಕ್ಸಾಬಾನ್, ರಿವರೊಕ್ಸಾಬಾನ್ ಕಿಡ್ನಿ ಚೆನ್ನಾಗಿದ್ದರೆ ಎರಡು ದಿನ, ಇಲ್ಲದಿದ್ದರೆ ಇನ್ನೂ ಜಾಸ್ತಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ಮಾತ್ರೆಯನ್ನು ಹೃದಯದ ವೈದ್ಯರನ್ನು ಕೇಳದೆ ನಾನು ಮುಟ್ಟುವುದಿಲ್ಲ. ಒಂದು ಯೂನಿಟ್ ರಕ್ತ ಉಳಿಸಲು ಹೋಗಿ ಸ್ಟೆಂಟ್ ಕಟ್ಟಿಕೊಂಡರೆ ಏನು ಬಂತು?

ಇನ್ನು ಥಿಯೇಟರ್. ಟ್ರಾನೆಕ್ಸಾಮಿಕ್ ಆಸಿಡ್ ಹೊಸ ಔಷಧಿ ಅಂತ ಹಲವರು ತಿಳಿದಿದ್ದಾರೆ. ಜಪಾನಿನ ಉತಾಕೊ ಮತ್ತು ಶೊಸುಕೆ ಒಕಾಮೊಟೊ ದಂಪತಿ ಅದನ್ನು ಕಂಡುಹಿಡಿದದ್ದು 1962ರಲ್ಲಿ. ಹೆರಿಗೆಯಲ್ಲಿ ರಕ್ತಸ್ರಾವದಿಂದ ಸಾಯುವ ತಾಯಂದಿರನ್ನು ಉಳಿಸುವುದು ಉತಾಕೊ ಅವರ ಆಸೆಯಾಗಿತ್ತು. ಮಂಡಿಗೆ ಅದು ನಿತ್ಯದ ಔಷಧಿಯಾದದ್ದು ಬಹಳ ತಡವಾಗಿ. ಗಾಯವಾದಾಗ ಮೈಯಲ್ಲಿ ಎರಡು ಗುಂಪು ಒಟ್ಟಿಗೆ ಕೆಲಸ ಮಾಡುತ್ತವೆ. ಒಂದು ಗೋಡೆ ಕಟ್ಟುತ್ತದೆ, ಇನ್ನೊಂದು ಅದೇ ಗೋಡೆಯನ್ನು ಕೆಡವುತ್ತಾ ಬರುತ್ತದೆ. ಈ ಔಷಧಿ ಕೆಡವುವವರ ಕೈ ಹಿಡಿಯುತ್ತದೆ, ಅಷ್ಟೇ. ಹೊಸದಾಗಿ ಹೆಪ್ಪು ಕಟ್ಟುವುದಿಲ್ಲ, ಕಟ್ಟಿದ್ದು ಬೇಗ ಕರಗದ ಹಾಗೆ ನೋಡಿಕೊಳ್ಳುತ್ತದೆ. 'ಕಾಲಿನಲ್ಲಿ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋದರೆ?' ಅಂತ ನಾವೂ ಬಹಳ ಹೆದರಿದ್ದೆವು. ಕೀಲು ಬದಲಾವಣೆಯ ಅಧ್ಯಯನಗಳು ಬರುತ್ತಾ ಹೋದ ಹಾಗೆ ಆ ಭಯ ಕಡಿಮೆಯಾಯಿತು.

ನಮ್ಮಲ್ಲಿ ಚರ್ಮ ಕತ್ತರಿಸುವ ಮುಂಚೆ 1 ಗ್ರಾಂ ಅನ್ನು ನಿಧಾನವಾಗಿ ರಕ್ತನಾಳಕ್ಕೆ ಕೊಡುತ್ತೇವೆ, ಹತ್ತು ನಿಮಿಷ ಹಿಡಿಯುತ್ತದೆ. ಬೇಗ ತಳ್ಳಿದರೆ ಬಿಪಿ ಬೀಳುತ್ತದೆ. ಸುಮಾರು ಮೂರು ಗಂಟೆ ಬಿಟ್ಟು ಇನ್ನೊಂದು ಗ್ರಾಂ. ಮೂತ್ರದ ಮೂಲಕ ಹೊರಹೋಗುವ ಔಷಧಿಯಾದ್ದರಿಂದ ಕಿಡ್ನಿ ಕೆಟ್ಟವರಲ್ಲಿ ಪ್ರಮಾಣ ಇಳಿಸಬೇಕು. ಫಿಟ್ಸ್ ಇದ್ದವರಲ್ಲಿ, ಇತ್ತೀಚೆಗೆ ಹೆಪ್ಪುಗಟ್ಟಿದ ತೊಂದರೆ ಆದವರಲ್ಲಿ ರಕ್ತನಾಳಕ್ಕೆ ಕೊಡುವುದಿಲ್ಲ. ಬೇಕೇ ಬೇಕು ಅನ್ನಿಸಿದರೆ ಸಲೈನಿನಲ್ಲಿ ಬೆರೆಸಿ ಕೀಲಿನೊಳಗೆ ಹಾಕುತ್ತೇವೆ. ಹಾಗೆ ಹಾಕಿದರೆ ರಕ್ತಕ್ಕೆ ಸೇರುವುದು ಕಡಿಮೆ.

ಇಲ್ಲಿ ಒಂದು ಅಪಾಯದ ಬಗ್ಗೆ ಹೇಳದೆ ಮುಂದೆ ಹೋಗಬಾರದು. ಬೆನ್ನಿಗೆ ಕೊಡುವ ಅರಿವಳಿಕೆಯ ಬುಪಿವಕೈನ್ ಆಂಪೂಲ್ ಮತ್ತು ಟ್ರಾನೆಕ್ಸಾಮಿಕ್ ಆಂಪೂಲ್ ಕೆಲವು ಸಲ ಒಂದೇ ಥರ ಕಾಣುತ್ತವೆ. ತಪ್ಪಿ ಟ್ರಾನೆಕ್ಸಾಮಿಕ್ ಬೆನ್ನಿಗೆ ಹೋದರೆ ತಡೆಯಲಾಗದ ಫಿಟ್ಸ್ ಬರುತ್ತದೆ, ಪ್ರಾಣವೇ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇದರ ಬಗ್ಗೆಯೇ ಎಚ್ಚರಿಕೆ ಹೊರಡಿಸಿತು. ನಮ್ಮ ಅರಿವಳಿಕೆ ವೈದ್ಯೆ ಒಂದು ಕಟ್ಟುನಿಟ್ಟು ಮಾಡಿದ್ದಾರೆ. ಬೆನ್ನಿಗೆ ಇಂಜೆಕ್ಷನ್ ಆಗಿ ಆ ಟ್ರೇ ಹೊರಗೆ ಹೋಗುವ ತನಕ ಟ್ರಾನೆಕ್ಸಾಮಿಕ್ ಆ ಕೋಣೆಯ ಟೇಬಲ್ ಮೇಲೆ ಕಾಣಿಸಬಾರದು. 'ಟೈಮ್ ಆಗುತ್ತೆ ಮೇಡಂ, ತೆಗೆದಿಟ್ಟುಕೊಳ್ಳಲಾ' ಅಂತ ಕೇಳಿದವರಿಗೆ ಅವರ ಉತ್ತರ ಒಂದೇ: 'ಆಗಲಿ, ಕಾಯೋಣ.'

ಟೂರ್ನಿಕೆಟ್ ಬಗ್ಗೆ ನನ್ನ ಮನಸ್ಸು ಬದಲಾಗಲು ಬಹಳ ಕಾಲ ಹಿಡಿಯಿತು. ರಕ್ತವೇ ಇಲ್ಲದ ಮಂಡಿಯಲ್ಲಿ ಕೆಲಸ ಮಾಡುವುದು ಹಿತವಾಗಿರುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಅದು ಥಿಯೇಟರಿನಲ್ಲಿ ಕಾಣುವ ರಕ್ತವನ್ನು ನಿಲ್ಲಿಸುತ್ತದೆ, ಬಿಚ್ಚಿದ ಮೇಲಿನ ಒಸರನ್ನು ನಿಲ್ಲಿಸುವುದಿಲ್ಲ. ಹೆಪ್ಪು ಕರಗಿಸುವ ಕೆಲಸ ಬಿಚ್ಚಿದ ಕೂಡಲೇ ಇನ್ನೂ ಜೋರಾಗುತ್ತದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದ 2020ರ ಕೊಕ್ರೇನ್ ವಿಮರ್ಶೆ ಟೂರ್ನಿಕೆಟ್ ಕಟ್ಟಿದವರಲ್ಲಿ ನೋವು ಮತ್ತು ಗಂಭೀರ ತೊಂದರೆಗಳು ಹೆಚ್ಚು ಅಂದಿತು. ಈಗ ಸಿಮೆಂಟ್ ಹಾಕುವ ಹೊತ್ತಿಗೆ ಮಾತ್ರ ಬಿಗಿಯುತ್ತೇನೆ, ಎಷ್ಟೋ ಸಲ ಅದೂ ಇಲ್ಲ. ಇದರಿಂದ ಇನ್ನೊಂದು ಲಾಭವಾಯಿತು. ಮಂಡಿಯ ಹಿಂಭಾಗದಲ್ಲಿ, ತೊಡೆಮೂಳೆಯ ತುದಿಯ ಎರಡು ಉಬ್ಬುಗಳ ನಡುವಿನ ಕಣಿವೆಯಲ್ಲಿ ಒಂದು ಸಣ್ಣ ರಕ್ತನಾಳ, ಹೊರಬದಿಯ ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆ) ತೆಗೆಯುವಲ್ಲಿ ಇನ್ನೊಂದು. ಇವು ಹರಿಯುತ್ತಿರುವುದು ಕಣ್ಣಿಗೆ ಕಾಣುತ್ತದೆ, ಆಗಲೇ ಸುಟ್ಟು ನಿಲ್ಲಿಸುತ್ತೇನೆ. ಕೀಲು ಕೂರಿಸಿದ ಮೇಲೆ ಹಿಂದೆ ಕೈ ಹೋಗುವುದಿಲ್ಲ.

ತೊಡೆಮೂಳೆಯ ಒಳಗೆ ಸರಳು ತೂರಿಸಿ ಅಳತೆ ತೆಗೆಯುವವರು ಆ ತೂತನ್ನು ಕತ್ತರಿಸಿದ ಮೂಳೆಯ ಚೂರಿನಿಂದಲೇ ಬಿಗಿಯಾಗಿ ಮುಚ್ಚಬೇಕು. ಮುಚ್ಚದಿದ್ದರೆ ಮಜ್ಜೆಯ ರಕ್ತ ಕೀಲಿಗೆ ಇಳಿಯುತ್ತಲೇ ಇರುತ್ತದೆ. ಕಂಪ್ಯೂಟರ್ ನ್ಯಾವಿಗೇಷನ್ ಅಥವಾ ರೋಬೋಟ್ ಇದ್ದರೆ ತೂತೇ ಬೇಡ. ಆದರೆ ರಕ್ತ ಉಳಿಸಲೆಂದೇ ರೋಬೋಟ್ ಬೇಕು ಅಂತ ಯಾರಾದರೂ ಹೇಳಿದರೆ ನಾನು ನಗುತ್ತೇನೆ. ಒಂದು ಚೂರು ಮೂಳೆಯಿಂದ ಆಗುವ ಕೆಲಸ ಅದು.

ಕೀಲಿನೊಳಗಿಂದ ರಕ್ತ ಹೊರಗೆ ತೆಗೆಯುವ ಕೊಳವೆ, ಅಂದರೆ ಡ್ರೈನ್ ಹಾಕುವುದನ್ನು ಬಿಟ್ಟಿದ್ದೇನೆ. ಡ್ರೈನ್ ಇದ್ದರೆ ಒಳಗಿನ ರಕ್ತವನ್ನು ಎಳೆದು ಬಾಟಲಿಗೆ ತುಂಬುತ್ತದೆ. ಇಲ್ಲದಿದ್ದರೆ ಒಳಗಿನ ಒತ್ತಡವೇ ಒಸರನ್ನು ನಿಲ್ಲಿಸುತ್ತದೆ. ಡ್ರೈನ್ ಹಾಕಿದವರಿಗೇ ಹೆಚ್ಚು ರಕ್ತ ಕೊಡಬೇಕಾಯಿತು ಅಂತ ಅಧ್ಯಯನಗಳು ಹೇಳಿವೆ. ಬ್ಯಾಂಡೇಜು ಒದ್ದೆಯಾಗಿ ಮೇಲೊಂದು ಸುತ್ತು ಹಾಕುವ ಕೆಲಸ ನರ್ಸ್‌ಗಳಿಗೆ ಸ್ವಲ್ಪ ಜಾಸ್ತಿಯಾಯಿತು, ಅಷ್ಟೇ. ಮೊದಲ ಕೆಲವು ಗಂಟೆ ಮಂಡಿಯನ್ನು ದಿಂಬಿನ ಮೇಲೆ ಮಡಚಿ ಇಡುತ್ತೇವೆ. ಥಿಯೇಟರಿನಲ್ಲಿ ರೋಗಿಯ ಮೈ ತಣ್ಣಗಾಗದ ಹಾಗೆ ಬೆಚ್ಚನೆ ಗಾಳಿಯ ಹೊದಿಕೆ ಹಾಕುತ್ತೇವೆ, ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ಟುಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ರೋಗಿಯದೇ ರಕ್ತವನ್ನು ಮೊದಲೇ ತೆಗೆದಿಟ್ಟು ಆಮೇಲೆ ವಾಪಸ್ ಕೊಡುವ ಪದ್ಧತಿಯೊಂದಿತ್ತು. ಅದರಿಂದ ರೋಗಿ ಆಪರೇಷನ್‌ಗೆ ಬರುವಾಗಲೇ ರಕ್ತ ಕಡಿಮೆಯಾಗಿ ಬರುತ್ತಿದ್ದರು. ಅದು ಹೋದದ್ದು ಒಳ್ಳೆಯದೇ ಆಯಿತು.

ಕೊನೆಗೆ ವಾರ್ಡು. ಇಷ್ಟೆಲ್ಲ ಮಾಡಿದ ಮೇಲೂ ರಾತ್ರಿ ಡ್ಯೂಟಿಯಲ್ಲಿ ಒಬ್ಬರು 9.2 ನೋಡಿ ಗಾಬರಿಯಾದರೆ ಎಲ್ಲ ನೀರುಪಾಲು. 2011ರ ಫೋಕಸ್ ಅಧ್ಯಯನ ಇಲ್ಲಿ ನನಗೆ ಧೈರ್ಯ ಕೊಟ್ಟದ್ದು. ಸೊಂಟದ ಮೂಳೆ ಮುರಿದು ಆಪರೇಷನ್ ಆದ, ಹೃದಯದ ಕಾಯಿಲೆ ಅಥವಾ ಅದರ ಅಪಾಯ ಇರುವ ಎರಡು ಸಾವಿರಕ್ಕೂ ಹೆಚ್ಚು ಹಿರಿಯರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ 10ಕ್ಕಿಂತ ಇಳಿದರೆ ರಕ್ತ. ಇನ್ನೊಂದಕ್ಕೆ 8ಕ್ಕಿಂತ ಇಳಿದರೆ, ಅಥವಾ ರಕ್ತ ಸಾಲದ ಲಕ್ಷಣ ಕಂಡರೆ. 60 ದಿನ ಆದ ಮೇಲೆ ನಡೆಯುವುದರಲ್ಲಾಗಲಿ ಸಾವಿನಲ್ಲಾಗಲಿ ವ್ಯತ್ಯಾಸ ಇರಲಿಲ್ಲ. ಅಷ್ಟು ಸೊರಗಿದವರೇ 8ರ ಲೆಕ್ಕದಲ್ಲಿ ನಡೆದರು ಅಂದ ಮೇಲೆ ನಮ್ಮ ಮಂಡಿಯವರು ನಡೆಯುವುದಿಲ್ಲವೇ? ಹೃದಯಾಘಾತ ಈಗಷ್ಟೇ ಆಗಿರುವವರ ಮಾತು ಬೇರೆ. ಅಲ್ಲಿ 8ಕ್ಕೆ ಹಟ ಹಿಡಿಯುವುದಿಲ್ಲ, ಹೃದಯದವರ ಜೊತೆ ಕೂತು ತೀರ್ಮಾನಿಸುತ್ತೇವೆ.

ನಾವು ಮಾಡಿದ್ದು ಒಂದೇ ಸಣ್ಣ ಕೆಲಸ. ರಕ್ತ ತರಿಸುವ ಚೀಟಿಯಲ್ಲಿ ಎಚ್‌ಬಿ ಎಷ್ಟು, ಯಾವ ಲಕ್ಷಣಕ್ಕೆ ಕೊಡುತ್ತಿದ್ದೀರಿ ಅಂತ ಬರೆಯಲು ಎರಡು ಸಾಲು ಸೇರಿಸಿದೆವು. 'ಸುಸ್ತು' ಅಂತ ಬರೆದರೆ ಮತ್ತೆ ಪ್ರಶ್ನೆ. ಮೊದಲ ದಿನ ಎದ್ದು ನಿಂತಾಗ ತಲೆ ಸುತ್ತುವುದಕ್ಕೆ ಕಾರಣಗಳು ಹತ್ತಾರು. ಬಿಪಿ ಮಾತ್ರೆಯನ್ನು ಎಂದಿನಂತೆ ಕೊಟ್ಟಿರುತ್ತಾರೆ. ನೋವಿಗೆ ಟ್ರಮಡಾಲ್ ಹೋಗಿರುತ್ತದೆ. ನೀರು ಸಾಕಷ್ಟು ಕುಡಿದಿರುವುದಿಲ್ಲ. ಇವನ್ನು ಸರಿಮಾಡಿದರೆ ಸಂಜೆ ಅವರೇ ವಾಕರ್ ಹಿಡಿದು ನಡೆಯುತ್ತಾರೆ. ಇನ್ನೊಂದು ವಿಷಯ. ಎಚ್‌ಬಿ ಇದ್ದಕ್ಕಿದ್ದಂತೆ 7 ಅಂತ ಬಂದರೆ ಮೊದಲು ಕೇಳಬೇಕಾದದ್ದು, ಸ್ಯಾಂಪಲ್ ಯಾವ ಕೈಯಿಂದ ತೆಗೆದಿರಿ? ಡ್ರಿಪ್ ಹೋಗುತ್ತಿರುವ ಕೈಯಿಂದ ತೆಗೆದರೆ ಸಲೈನ್ ಬೆರೆತು ಸಂಖ್ಯೆ ಬಿದ್ದಿರುತ್ತದೆ. ಇನ್ನೊಂದು ಕೈಯಿಂದ ತೆಗೆದಾಗ 9 ಬಂದದ್ದನ್ನು ನೋಡಿದ್ದೇನೆ.

ಕೊಡಲೇಬೇಕು ಅಂತಾದರೆ ಒಂದು ಯೂನಿಟ್, ಆಮೇಲೆ ಮತ್ತೆ ನೋಡುವುದು. ಒಂದು ಯೂನಿಟ್‌ಗೆ ಎಚ್‌ಬಿ ಸುಮಾರು 1 ಗ್ರಾಂ ಏರುತ್ತದೆ, ಎಷ್ಟೋ ಜನಕ್ಕೆ ಅಷ್ಟೇ ಸಾಕು. ವಯಸ್ಸಾದವರಿಗೆ ಎರಡು ಯೂನಿಟ್ ಬೇಗ ಬೇಗ ಕೊಟ್ಟರೆ ಹೃದಯಕ್ಕೆ ಭಾರವಾಗಿ ಉಸಿರುಕಟ್ಟುತ್ತದೆ. ರಕ್ತ ಪಡೆದವರಲ್ಲಿ ಸೋಂಕು ಹೆಚ್ಚು ಅಂತಲೂ ಹಲವು ಅಧ್ಯಯನಗಳಲ್ಲಿ ಕಂಡಿದೆ. ರಕ್ತ ಕೊಟ್ಟದ್ದೇ ಕಾರಣವೋ, ರಕ್ತ ಬೇಕಾಗುವಷ್ಟು ಸೊರಗಿದ್ದು ಕಾರಣವೋ ಬಿಡಿಸಿ ಹೇಳುವುದು ಕಷ್ಟ. ಹೊಸ ಕೀಲಿನೊಳಗೆ ಸೋಂಕಾದರೆ ಅದನ್ನು ಬಿಚ್ಚಿ ಮತ್ತೆ ಹಾಕಬೇಕಾಗಬಹುದು, ಹಾಗಾಗಿ ಅನುಮಾನ ಇದ್ದರೂ ನಾನು ದೂರ ಇರುತ್ತೇನೆ.

ರೋಗಿಯ ಮನೆಯವರನ್ನು ಒಪ್ಪಿಸುವುದು ವೈದ್ಯರನ್ನು ಒಪ್ಪಿಸಿದ್ದಕ್ಕಿಂತ ಸುಲಭವಾಯಿತು. 'ಡಾಕ್ಟ್ರೇ, ಅಮ್ಮನಿಗೆ ಶಕ್ತಿಗೆ ಒಂದು ಬಾಟಲ್ ಏರಿಸಿಬಿಡಿ' ಅಂತ ಕೇಳುವವರು ಈಗಲೂ ಇದ್ದಾರೆ. ಇದು ಟಾನಿಕ್ ಅಲ್ಲ, ಇನ್ನೊಬ್ಬರ ಮೈಯ ಜೀವಕೋಶಗಳು ಅಂತ ಒಂದು ಮಾತು ಹೇಳಿದರೆ ಹೆಚ್ಚಿನವರು ಅರ್ಥ ಮಾಡಿಕೊಳ್ಳುತ್ತಾರೆ.

ಈಗಲೂ ರಕ್ತ ಬೇಕಾಗುವವರು ಹೆಚ್ಚಾಗಿ ಎರಡೂ ಮಂಡಿಯನ್ನು ಒಂದೇ ದಿನ ಮಾಡಿಸಿಕೊಳ್ಳುವವರು. ನಷ್ಟವೂ ಎರಡು ಮಂಡಿಯದು. ಒಂದೇ ಸಲ ಅರಿವಳಿಕೆ, ಒಂದೇ ಸಲ ಆಸ್ಪತ್ರೆ, ಬೇಗ ಮುಗಿಯುತ್ತದೆ ಅನ್ನುವುದು ಅವರ ಲೆಕ್ಕ. ಅದು ತಪ್ಪಲ್ಲ. ಎಚ್‌ಬಿ 13ರ ಮೇಲಿದ್ದು ಹೃದಯ ಚೆನ್ನಾಗಿದ್ದರೆ ನಾನೂ ಮಾಡುತ್ತೇನೆ. ಕಡಿಮೆ ಇದ್ದರೆ ಒಂದೊಂದಾಗಿ ಮಾಡೋಣ ಅನ್ನುತ್ತೇನೆ. ಕೆಲವರು ಒಪ್ಪದೆ ಬೇರೆ ವೈದ್ಯರ ಹತ್ತಿರ ಹೋಗುತ್ತಾರೆ. ಒಪ್ಪಿದವರಿಗೆ ಮೊದಲ ಮಂಡಿ ಆದ ಮೇಲೆ ಎಚ್‌ಬಿ ತಿರುಗಿ ಏರಿದ್ದನ್ನು ನೋಡಿಯೇ ಎರಡನೆಯದಕ್ಕೆ ದಿನ ಕೊಡುತ್ತೇನೆ. ಆಪರೇಷನ್ ಆದ ಹೊಸತರಲ್ಲಿ ಮೈಯ ಉರಿಯೂತದಿಂದ ಕಬ್ಬಿಣದ ಮಾತ್ರೆ ಸರಿಯಾಗಿ ಹತ್ತುವುದಿಲ್ಲ. ಹಾಗಾಗಿ ಕೊರತೆ ಇದ್ದವರಿಗೆ ಮನೆಗೆ ಕಳಿಸುವ ಮುಂಚೆಯೇ ಡ್ರಿಪ್ಪಿನಲ್ಲಿ ಕೊಟ್ಟು ಕಳಿಸುತ್ತೇವೆ.